ಬೆಂಗಳೂರಿನಲ್ಲೇ ಪರದೇಶ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಸ್‌ಪೋರ್ಟ್ ಇಲ್ಲದೆ, ಬಸ್ಸಿನಲ್ಲೋ ಮೆಟ್ರೊದಲ್ಲೋ ಹೋಗಿಬರಬಹುದಾದ ಪರದೇಶಗಳ ಬಗ್ಗೆ ಸ್ನೇಹಿತರು, ನೆಂಟರು, ನೆಂಟರ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಇದು ಪ್ರವಾಸಿ ಕೈಪಿಡಿಯಲ್ಲ. ನನ್ನ ಇಷ್ಟಾನಿಷ್ಟಗಳು ಇದರಲ್ಲಿ ಧಾರಾಳವಾಗಿ ಬೆರೆತಿವೆ.

ಬೆಂಗಳೂರಿನಲ್ಲಿ ಪರದೇಶ ಎಂದರೆ ಏನು? ಮಾಲ್‌ಗಳ ವಿಷಯವೇ?

ಖಂಡಿತ ಅಲ್ಲ. ಪ್ಲಾಸ್ಟರಿನ ರೋಮನ್ ಕಂಬ, ಇಟಲಿಯ ಯಾವುದೋ ಊರಿನ ಹೆಸರು ಹೊತ್ತ ಅಪಾರ್ಟ್‌ಮೆಂಟು, ಗೋಡೆಗೆ ಐಫೆಲ್ ಗೋಪುರ ಅಂಟಿಸಿದ ಕಾಫಿ ಅಂಗಡಿ, ಇವೆಲ್ಲ ದುಬೈಯಲ್ಲೂ ಒಂದೇ, ದಾವಣಗೆರೆಯಲ್ಲೂ ಒಂದೇ. ನಾನು ಲೆಕ್ಕಕ್ಕೆ ಹಿಡಿಯುವುದು ಬೇರೆ. ಆ ದೇಶದವರು ಯಾರಾದರೂ ಇಲ್ಲಿಗೆ ಬಂದು ನೆಲೆಸಿರಬೇಕು. ತಮ್ಮ ಊರಿನಲ್ಲಿದ್ದಾಗ ಇಲ್ಲದೆ ಆಗದಿದ್ದ ಒಂದನ್ನಾದರೂ, ಪ್ರಾರ್ಥಿಸುವ ಜಾಗ, ತಿನ್ನುವ ರೊಟ್ಟಿ, ನೆರಳಿನ ಮರ ಅಥವಾ ಕೊನೆಗೆ ಮಲಗುವ ಮಣ್ಣು, ಇಲ್ಲಿ ಮಾಡಿಕೊಂಡಿರಬೇಕು. ಅಂಥ ಜಾಗದಲ್ಲಿ ನಿಂತರೆ ಆ ದೇಶದ ಗಾಳಿ ಸ್ವಲ್ಪವಾದರೂ ಮೈಗೆ ತಾಗುತ್ತದೆ. ಜೊತೆಗೆ ಬೆಂಗಳೂರಿನ ಧೂಳೂ ತಾಗುತ್ತದೆ. ಅದೂ ಬೇಕು.

ಒಂದೇ ಕಡೆ ಹೋಗಲು ಸಮಯವಿದೆ. ಎಲ್ಲಿಗೆ ಹೋಗಲಿ?

ಲಾಲ್‌ಬಾಗ್. ಎಷ್ಟೋ ಸಲ ನೋಡಿದ್ದೇವೆ ಎನ್ನಬೇಡಿ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಲ್ಲಿ ನೋಡಿದ್ದು ಲಾಲ್‌ಬಾಗ್ ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಯಾವುದಾದರೂ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬೇಗ ಹೋಗಿ.

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು. ಟಿಪ್ಪು ದೂರದ ನಾಡುಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. ಆಮೇಲೆ ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ತೋಟಗಾರರು ಒಬ್ಬರ ಹಿಂದೆ ಒಬ್ಬರು ಬಂದರು. ವಿಲಿಯಂ ನ್ಯೂ, ಜಾನ್ ಕ್ಯಾಮೆರಾನ್ ಈ ಸಾಲಿನವರು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಊರಿನಲ್ಲಿ ಸುಡುಬಿಸಿಲೂ ಇಲ್ಲ, ಹಿಮವೂ ಇಲ್ಲ. ಜಗತ್ತಿನ ಎಲ್ಲಿಯ ಸಸಿ ತಂದರೂ ಒಂದು ಕೈ ನೋಡಬಹುದಾಗಿತ್ತು. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆ ಮೆಕ್ಸಿಕೊ ಕಡೆಯದು. ತಮಿಳುನಾಡಿನಲ್ಲಿ ಅದನ್ನು ಬೆಂಗಳೂರಿನ ಬದನೆ ಎಂದೇ ಕೊಳ್ಳುತ್ತಾರೆ. ಹೆಬ್ಬಾಗಿಲಿನಿಂದ ಒಳಗೆ ನಡೆಯುವಾಗ ಅರೌಕೇರಿಯಾ ಮರಗಳು ನೆಟ್ಟಗೆ, ಅಂತಸ್ತು ಅಂತಸ್ತಾಗಿ ಎದ್ದು ನಿಂತಿರುತ್ತವೆ. ಅವುಗಳ ತವರು ಆಸ್ಟ್ರೇಲಿಯಾದ ಆಚೆ, ಪೆಸಿಫಿಕ್ ಸಾಗರದ ದ್ವೀಪಗಳು.

ಇಷ್ಟೆಲ್ಲ ಪರದೇಶದ ನಡುವೆ ಅಪ್ಪಟ ಇಲ್ಲಿಯದೊಂದು ಬೇಕೆಂದರೆ ಕೆಂಪೇಗೌಡ ಗೋಪುರ ಹೊತ್ತಿರುವ ಬಂಡೆ ಹತ್ತಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ದೇಶವೂ ಇರಲಿಲ್ಲ, ಪರದೇಶವೂ ಇರಲಿಲ್ಲ.

ಗಾಜಿನ ಮನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ನಕಲು. ನಕಲು ಲೆಕ್ಕಕ್ಕಿಲ್ಲ ಎಂದಿರಲ್ಲ?

ಸರಿಯಾಗಿ ಹಿಡಿದಿರಿ. ಆದರೆ ಈ ನಕಲಿನ ಕತೆ ಬೇರೆ. ಗಾಜಿನ ಮನೆಗೆ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು. ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ, ವಾಲ್ಟರ್ ಮ್ಯಾಕ್‌ಫರ್ಲೇನ್ ಎಂಬುವನ ಸಾರಸೆನ್ ಎರಕದ ಕಾರ್ಖಾನೆಯಿಂದ. ಲಂಡನ್ನಿನ ಅಸಲಿ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಆ ದಿನವೂ ನವೆಂಬರ್ 30! ಅಸಲಿ ಹೋಗಿ ತೊಂಬತ್ತು ವರ್ಷವಾಗುತ್ತಾ ಬಂತು. ನಕಲು ಮಾತ್ರ ಪ್ರತಿ ಜನವರಿ, ಆಗಸ್ಟ್ ತಿಂಗಳಲ್ಲಿ ಹೂವಿನಿಂದ ತುಂಬಿಕೊಳ್ಳುತ್ತಿದೆ. ಇನ್ನು ಯಾವುದನ್ನು ನಕಲು ಎನ್ನುವುದು?

ರಸ್ತೆಬದಿಯ ಮರಗಳಲ್ಲೂ ಪರದೇಶ ಇದೆ ಎನ್ನುತ್ತೀರಿ. ಯಾವ ತಿಂಗಳು ಯಾವ ದೇಶ?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದೇ. ಖರ್ಚಿಲ್ಲ, ಟಿಕೆಟ್ ಇಲ್ಲ, ಬಾಗಿಲು ಮುಚ್ಚುವ ಹೊತ್ತೂ ಇಲ್ಲ. ತಲೆ ಎತ್ತಿ ನಡೆದರಾಯಿತು. ನಮ್ಮ ಪಾದಚಾರಿ ಮಾರ್ಗಗಳಲ್ಲಿ ಆಗಾಗ ತಲೆ ತಗ್ಗಿಸಿಯೂ ನೋಡಬೇಕು.

ಚಳಿ ಶುರುವಾಗುತ್ತಿದ್ದಂತೆ ಗುಲಾಬಿ ಬಣ್ಣದ ಟಬೂಬಿಯಾ ಅರಳುತ್ತದೆ. ಅದು ಮಧ್ಯ ಅಮೆರಿಕದ್ದು, ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ. ಶಿವರಾತ್ರಿಯ ಆಸುಪಾಸಿಗೆ ದಕ್ಷಿಣ ಅಮೆರಿಕದ ಹಳದಿ ಟಬೂಬಿಯಾ. ಅದರ ಬೆನ್ನಿಗೇ ಜಕರಂಡದ ನೇರಳೆ ಬಣ್ಣ, ಅದು ಅರ್ಜೆಂಟೀನಾ ಕಡೆಯದು. ಏಪ್ರಿಲ್, ಮೇ ಬಂದರೆ ಮಡಗಾಸ್ಕರಿನ ಗುಲ್‌ಮೊಹರ್. ಅದರ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು, ಯಾರ ಹುಂಜದ ತಲೆ ಮೊದಲು ಹಾರುತ್ತದೆ ಎಂದು ಆಡಿದ ಮಕ್ಕಳಿಗೆ ಮರದ ತವರು ಆಫ್ರಿಕಾದ ಪಕ್ಕದ ದ್ವೀಪ ಎಂದು ಯಾರೂ ಹೇಳಿರುವುದಿಲ್ಲ. ನೀರುಕಾಯಿ ಮರ ಆಫ್ರಿಕಾದ್ದೇ. ಬಾಳೆಗೊನೆಯ ಮರಿಯ ಹಾಗೆ ಬಾಗಿದ ಅದರ ಮೊಗ್ಗಿನ ತುದಿ ಚಿವುಟಿ ಹಿಸುಕಿದರೆ ಸಣ್ಣ ಪಿಚಕಾರಿಯಂತೆ ನೀರು ಚಿಮ್ಮುತ್ತದೆ. ಬಿಳಿ ಅಂಗಿಯ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ, ಎಚ್ಚರ. ಕಬ್ಬನ್ ಉದ್ಯಾನದ ದೊಡ್ಡ ಮಳೆಮರಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದವು. ಸಂಜೆಯಾಗುತ್ತಲೂ ಮೋಡ ಕವಿದಾಗಲೂ ಎಲೆ ಮಡಿಚಿಕೊಳ್ಳುತ್ತವೆ. ಕೆಳಗೆ ಬಿದ್ದ ಕಪ್ಪು ಕಾಯಿ ಮುರಿದರೆ ಬೆಲ್ಲದಂಥ ಅಂಟು ಬೆರಳಿಗೆ ಹತ್ತುತ್ತದೆ.

ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಎಂಬ ಯೋಜನೆಯ ಹಿಂದಿದ್ದವನು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಹಾಗೆಂದು ಇವತ್ತು ನೀವು ನೋಡುವ ಪ್ರತಿ ಮರವೂ ಅವನ ಕಾಲದ್ದಲ್ಲ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳರು ಊರಿನ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದರು. ಬಡಾವಣೆಗಳ ಎಷ್ಟೋ ನೆರಳು ಅವರ ಪುಣ್ಯ. ಕ್ರುಂಬಿಗಲ್ ಹೆಸರು ಹೇಳುವವರು ನೇಗಿನಹಾಳರ ಹೆಸರನ್ನು ಮರೆಯುವುದು ನನಗೆ ಸರಿಕಾಣುವುದಿಲ್ಲ.

ಇಂಗ್ಲೆಂಡ್ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ದಂಡಿನಿಂದ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರಲ್ಲಿ ಇಲ್ಲಿಗೆ ಬಂದು ಬೀಡುಬಿಟ್ಟಿತು. ಪೇಟೆಯ ಪಕ್ಕದಲ್ಲಿ ಇನ್ನೊಂದು ಊರೇ ಎದ್ದಿತು. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ರಿಚ್ಮಂಡ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್ ಹೆಸರುಗಳಲ್ಲೇ ಕವಾಯತಿನ ಸದ್ದಿದೆ. ಮಹಾತ್ಮ ಗಾಂಧಿ ರಸ್ತೆಯ ಒಂದು ತುದಿಗೆ 1812ರಲ್ಲಿ ಕಟ್ಟಿ ಮುಗಿಸಿದ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಇನ್ನೊಂದು ತುದಿಗೆ 1851ರ ಹೋಲಿ ಟ್ರಿನಿಟಿ ಚರ್ಚ್.

ಹೊರಗಿನಿಂದ ಫೋಟೊ ತೆಗೆದು ಹೊರಡಬೇಡಿ. ಟ್ರಿನಿಟಿ ಚರ್ಚಿನ ಒಳಗೆ ಹೋಗಿ ಗೋಡೆ ಓದಿ. ಅಮೃತಶಿಲೆಯ ಫಲಕಗಳಲ್ಲಿ ಹೆಸರು, ರೆಜಿಮೆಂಟು, ಸತ್ತ ಊರು, ಸತ್ತಾಗಿನ ವಯಸ್ಸು. ಇಪ್ಪತ್ತರ ಆಸುಪಾಸಿನವರು ಅದೆಷ್ಟು ಜನ! ಯುದ್ಧಕ್ಕಿಂತ ಜ್ವರ, ವಾಂತಿಭೇದಿಗೇ ಹೆಚ್ಚು ಮಂದಿ ಬಲಿಯಾದ ಕಾಲ ಅದು. ಆರು ತಿಂಗಳು ಹಡಗಿನಲ್ಲಿ ಕೂತು ಬಂದ ಹುಡುಗ ಇಲ್ಲಿಗೆ ಬಂದು ಒಂದು ಮಳೆಗಾಲವನ್ನೂ ದಾಟಲಿಲ್ಲ ಎಂದರೆ, ಅವನ ತಾಯಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಇನ್ನೊಂದು ಮಳೆಗಾಲ ಬಂದಿರುತ್ತಿತ್ತು. ನಾನು ಕಂಡ ಇಂಗ್ಲೆಂಡುಗಳಲ್ಲಿ ಇದು ಅತ್ಯಂತ ನಿಜವಾದದ್ದು.

ಹಗುರವಾದ ಇಂಗ್ಲೆಂಡೂ ಇದೆ. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಇಲ್ಲಿಗೆ ಬಂದ ಎಳೆಯ ಸೇನಾಧಿಕಾರಿ. ಆಗ ಅವನು ಕ್ಲಬ್ಬಿಗೆ ಬಾಕಿ ಉಳಿಸಿಹೋದ 13 ರೂಪಾಯಿಯನ್ನು ವಸೂಲಾಗದ ಸಾಲ ಎಂದು ಬರೆದಿಟ್ಟ ಪುಸ್ತಕ ಬೆಂಗಳೂರು ಕ್ಲಬ್ಬಿನಲ್ಲಿದೆ. ನೋಡಬೇಕಾದರೆ ಸದಸ್ಯರ ಜೊತೆ ಹೋಗಬೇಕು.

ಸ್ಕಾಟ್ಲೆಂಡ್ ಬೇರೆಯಾಗಿ ಕಾಣುತ್ತದೆಯೇ?

ಕಾಣುತ್ತದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ ನೋಡಿ. ಕೆಂಪು ಇಟ್ಟಿಗೆ, ಗಡಿಯಾರದ ಗೋಪುರ, ಬಿಗಿದ ಮುಖ. ಇಂಗ್ಲಿಷರ ಚರ್ಚು ತಮಗಾಗದು ಎಂದು ಸ್ಕಾಟ್ ಸೈನಿಕರು 1860ರ ದಶಕದಲ್ಲಿ ಕಟ್ಟಿಸಿಕೊಂಡದ್ದು.

ಬೆಂಗಳೂರು ಅರಮನೆ ವಿಂಡ್ಸರ್ ಕೋಟೆಯ ಹಾಗಿದೆಯೇ?

ವಿಂಡ್ಸರ್ ನೋಡಿ ಬಂದವರು ಇಲ್ಲ ಎನ್ನುತ್ತಾರೆ. ನೋಡದವರು ಹೌದು ಎನ್ನುತ್ತಾರೆ. ಗೋಪುರ, ಬುರುಜು, ಗೋಡೆಗೆ ಹಬ್ಬಿದ ಬಳ್ಳಿ, ಎಲ್ಲವೂ ಟ್ಯೂಡರ್ ಶೈಲಿಯದು. ಈ ಜಾಗ ಮೈಸೂರು ಒಡೆಯರ ಪಾಲಾಗುವುದಕ್ಕೆ ಮುಂಚೆ ರೆವರೆಂಡ್ ಗ್ಯಾರೆಟ್ ಎಂಬುವನದು. 1840ರ ದಶಕದಲ್ಲಿ ಬೆಂಗಳೂರಿನಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಕ್ಕಪಕ್ಕ ಅಚ್ಚು ಹಾಕಿಸಿದವನು ಅವನೇ. ಅರಮನೆಗಿಂತ ಆ ಪುಸ್ತಕ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತದೆ.

ವೈಟ್‌ಫೀಲ್ಡ್‌ನಲ್ಲಿ ಐಟಿ ಕಂಪನಿಗಳನ್ನು ಬಿಟ್ಟು ನೋಡಲು ಏನಿದೆ?

ಒಂದು ವೃತ್ತ ಇದೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಇಂಗ್ಲೆಂಡನ್ನು ಕಣ್ಣಾರೆ ಕಾಣದಿದ್ದರೂ ಅದನ್ನೇ ತವರೂರೆಂದು ತಿಳಿದಿದ್ದ ಸಮುದಾಯ ಅದು. ಸಂಘದ ಮುಖಂಡ ಡೇವಿಡ್ ವೈಟ್ ಹೆಸರೇ ಊರಿಗೆ ನಿಂತಿತು. ನಡುವೆ ಹಸಿರು ಬಯಲು, ಸುತ್ತ ಮನೆಗಳು, ಚರ್ಚು. ಇಂಗ್ಲಿಷ್ ಹಳ್ಳಿಯೊಂದು ಹೇಗಿರಬೇಕು ಎಂಬ ಕನಸನ್ನು ರಾಗಿ ಹೊಲಗಳ ನಡುವೆ ಗೆರೆ ಎಳೆದು ಕಟ್ಟಿದರು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇವತ್ತಿಗೂ ಇವೆ.

ಹಳೆಯ ಹೆಂಚಿನ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಚರ್ಚಿಲ್ ಇಲ್ಲಿಯ ವೇವರ್ಲಿ ಇನ್‌ಗೆ ಬರುತ್ತಿದ್ದ, ಮಾಲೀಕನ ಮಗಳನ್ನು ಪ್ರೀತಿಸುತ್ತಿದ್ದ ಎಂದು ಯಾರಾದರೂ ಕತೆ ಹೇಳಿದರೆ ಖುಷಿಯಿಂದ ಕೇಳಿ, ನಂಬುವ ಅಗತ್ಯವಿಲ್ಲ. ಹೋಪ್ ಫಾರ್ಮ್ ಚನ್ನಸಂದ್ರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ. ಬೇಗ ಹೋಗಿ ಎಂದಷ್ಟೇ ನನ್ನ ಸಲಹೆ. ಪ್ರತಿ ಸಲ ಹೋದಾಗಲೂ ಒಂದು ಮನೆ ಕಮ್ಮಿಯಾಗಿ ಕಾಣುತ್ತದೆ.

ಪರ್ಷಿಯಾ ಇದೆಯೇ?

ಇದೆ, ಕುದುರೆ ಏರಿ ಬಂದ ಪರ್ಷಿಯಾ. ಶಿರಾಜ್ ಊರಿನ ಆಗಾ ಅಲಿ ಅಸ್ಕರ್ 1824ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಅಣ್ಣತಮ್ಮಂದಿರ ಜೊತೆ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದ. ಸೈನ್ಯಕ್ಕೂ ಮೈಸೂರು ಅರಸರಿಗೂ ಕುದುರೆ ಮಾರಿದ. ಆಮೇಲೆ ಬಂಗಲೆ ಕಟ್ಟುವ ಕೆಲಸಕ್ಕೆ ಇಳಿದ. ಜಾನ್ಸನ್ ಮಾರುಕಟ್ಟೆ ಎದ್ದ ಜಾಗದಲ್ಲಿ ಮೊದಲು ಇದ್ದದ್ದು ಅವನ ಕುದುರೆ ಲಾಯ. ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರ ಅಲಿ ಅಸ್ಕರ್ ರಸ್ತೆ ಇವತ್ತಿಗೂ ಇದೆ.

ಬಾಲಬ್ರೂಯಿ ಅತಿಥಿಗೃಹವೂ ಅವನೇ ಕಟ್ಟಿಸಿದ್ದು ಎನ್ನುತ್ತಾರೆ. ಆ ಹೆಸರು ಬಂದದ್ದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಮ್ಯಾನ್ ದ್ವೀಪದಿಂದ, ಕಮಿಷನರ್ ಮಾರ್ಕ್ ಕಬ್ಬನ್ ಹುಟ್ಟಿದ ನೆಲದಿಂದ. ಪರ್ಷಿಯಾದವನ ಕೈ, ಮ್ಯಾನ್ ದ್ವೀಪದ ಹೆಸರು, ಬೆಂಗಳೂರಿನ ಕಲ್ಲು. ಒಂದೇ ಕಟ್ಟಡದಲ್ಲಿ ಮೂರು ನಾಡು ಸಿಗುವುದು ಹೀಗೆ.

ರಿಚ್ಮಂಡ್ ಟೌನಿನ ಶಿಯಾ ಸಮುದಾಯದ ಮಸ್ಜಿದ್-ಎ-ಅಸ್ಕರಿ ಅವನ ಹೆಸರನ್ನು ಉಳಿಸಿದೆ. ಮೊಹರಂ ಹತ್ತನೇ ದಿನದ ಮೆರವಣಿಗೆಯಂದು ಆ ಬೀದಿಗಳಲ್ಲಿ ಕೇಳುವ ಶೋಕಗೀತೆಗಳ ಬೇರು ಇರಾನ್, ಇರಾಕುಗಳವರೆಗೆ ಹೋಗುತ್ತದೆ. ಅದು ಶೋಕದ ದಿನ. ನೋಡಲು ಹೋಗುವವರು ತಮಾಷೆಗೆಂದು ಹೋಗಬಾರದು.

ಅಲಿ ಅಸ್ಕರನ ಮೊಮ್ಮಗ ಯಾರು ಗೊತ್ತೇ? 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕೆ.ಆರ್.ಎಸ್. ಅಣೆಕಟ್ಟೆಯ ಕೆಳಗಿನ ಬೃಂದಾವನ ಅವರ ಕನಸು. ನೀರಿನ ಕಾಲುವೆ, ಮೆಟ್ಟಿಲು ಮೆಟ್ಟಿಲಾದ ಹೂಪಾತಿ, ಕಾರಂಜಿ. ಪರ್ಷಿಯಾದ ತೋಟದ ಕಲ್ಪನೆ ಕಾಶ್ಮೀರದ ಮೊಗಲ್ ತೋಟಗಳನ್ನು ಸುತ್ತಿಕೊಂಡು ಮಂಡ್ಯಕ್ಕೆ ಬಂತು.

ಜರ್ಮನಿ?

ಕ ಅಕ್ಷರದ ಮೂವರನ್ನು ನೆನಪಿಟ್ಟುಕೊಳ್ಳಿ: ಕಿಟ್ಟೆಲ್, ಕ್ರುಂಬಿಗಲ್, ಕೋನಿಗ್ಸ್‌ಬರ್ಗರ್.

ಫರ್ಡಿನಂಡ್ ಕಿಟ್ಟೆಲ್ ಬಗ್ಗೆ ಕನ್ನಡಿಗರಿಗೆ ಹೇಳುವುದೇನಿದೆ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟು ಇಂದಿಗೂ ಮೇಜಿನ ಮೇಲಿದೆ. ಆಸ್ಟಿನ್ ಟೌನಿಗೆ ಅವರ ಹೆಸರಿಟ್ಟಿದ್ದಾರೆ, ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ. ಕ್ರುಂಬಿಗಲ್ ಡ್ರೆಸ್ಡೆನ್ ಹತ್ತಿರದ ಊರಿನವರು. ಕ್ಯೂ, ಬರೋಡ ಸುತ್ತಿ ಲಾಲ್‌ಬಾಗಿಗೆ ಬಂದರು. ಬೃಂದಾವನದ ವಿನ್ಯಾಸದಲ್ಲೂ ಅವರ ಕೈಯಿದೆ. 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಮೂರನೆಯವರ ಹೆಸರು ಕೇಳಿದವರು ಕಮ್ಮಿ. ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್. ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟು, ಈಜಿಪ್ಟ್ ಮೂಲಕ ಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆಗ ದಿವಾನರು ಯಾರು? ಮತ್ತದೇ ಮಿರ್ಜಾ ಇಸ್ಮಾಯಿಲ್. ಕೋನಿಗ್ಸ್‌ಬರ್ಗರ್ ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅದಕ್ಕೆ ಮೊದಲೇ, 1935-36ರಲ್ಲಿ, ಸಿ.ವಿ. ರಾಮನ್ ಕರೆಯ ಮೇಲೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಲ ತಿಂಗಳು ಇದ್ದು ಹೋಗಿದ್ದರು. ಅದೇ ಆವರಣದಲ್ಲಿ ಅಳಿಯ ಕಟ್ಟಿದ ಕಟ್ಟಡಗಳಿವೆ. ಅವುಗಳಲ್ಲಿ ಅಲಂಕಾರ ಇಲ್ಲ, ನೇರ ಗೆರೆ, ಬಿಸಿಲು ತಡೆಯುವ ಚಾಚು, ಗಾಳಿಗೆ ದಾರಿ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರದೇ. ಅದರ ನೆರಳಿನಲ್ಲಿ ಕೂತು ಕಡಲೆಕಾಯಿ ತಿನ್ನುವವರಿಗೆ ತಾವು ಕೂತಿರುವುದು ಬರ್ಲಿನ್ನಿನಲ್ಲಿ ಕಲಿತವರ ವಿನ್ಯಾಸದ ಕೆಳಗೆ ಎಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೂ ನೆರಳಿಗೇನೂ ಕೊರತೆಯಿಲ್ಲ.

ರಷ್ಯಾ?

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ನಿಕೊಲಾಸ್ ರೋರಿಕ್ ಬರೆದ ಚಿತ್ರಗಳ ಗ್ಯಾಲರಿ ಅಲ್ಲಿದೆ. ತಂದೆಯ ಹಿಮಾಲಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆ ನೀಲಿಯನ್ನು ಅಚ್ಚಾದ ಪುಸ್ತಕಗಳಲ್ಲಿ ನಂಬಬೇಡಿ. ಸ್ವೆತೊಸ್ಲಾವ್ ಮತ್ತು ಅವರ ಪತ್ನಿ, ನಟಿ ದೇವಿಕಾರಾಣಿ, ಕನಕಪುರ ರಸ್ತೆಯ ತಾತಗುಣಿಯಲ್ಲಿ 468 ಎಕರೆ ತೋಟ ಮಾಡಿಕೊಂಡಿದ್ದರು. ಅಲ್ಲಿ ಬೆಳೆಸಿದ್ದು ಲಿನಲೋ ಎಂಬ ಸುಗಂಧದ ಮರ, ಅದು ಮೆಕ್ಸಿಕೊದ್ದು. 1993ರಲ್ಲಿ ಸ್ವೆತೊಸ್ಲಾವ್, ಮರುವರ್ಷ ದೇವಿಕಾರಾಣಿ ತೀರಿಕೊಂಡರು. ನಂತರ ಆ ತೋಟ ಬಹುಕಾಲ ಕೋರ್ಟು ಕಟ್ಟೆ ಹತ್ತಿತು.

ಮಿನ್ಸ್ಕ್ ಚೌಕದಲ್ಲಿ ಏನು ನೋಡುವುದು?

ಸಿಗ್ನಲ್ ನೋಡುವುದು. ಬೆಲಾರೂಸ್ ದೇಶದ ರಾಜಧಾನಿ ಮಿನ್ಸ್ಕ್ ಬೆಂಗಳೂರಿನ ಸೋದರಿ ನಗರ ಎಂಬ ಕಾರಣಕ್ಕೆ ಕಬ್ಬನ್ ರಸ್ತೆಯ ಆ ಕೂಡುರಸ್ತೆಗೆ ಈ ಹೆಸರು. ಆ ದೇಶದ ಕುರುಹು ಬೇರೇನೂ ಇಲ್ಲ. ಅತ್ತ ಮಿನ್ಸ್ಕ್ ನಗರದಲ್ಲಿ ಬೆಂಗಳೂರು ಚೌಕ ಎಂಬುದೊಂದಿದೆ. ಅಲ್ಲಿಯವರೂ ಇದೇ ಪ್ರಶ್ನೆ ಕೇಳುತ್ತಿರಬಹುದು.

ಟಿಬೆಟ್ ನೋಡಲು ಬೈಲಕುಪ್ಪೆಗೇ ಹೋಗಬೇಕೇ?

ಹೋದರೆ ಒಳ್ಳೆಯದು. ನಗರದಲ್ಲಿ ಸಿಗುವುದು ಬ್ರಿಗೇಡ್ ರಸ್ತೆ ಸುತ್ತಮುತ್ತಲಿನ ಟಿಬೆಟನ್ ಅಂಗಡಿಗಳು, ಮೊಮೊ, ಚಳಿಗಾಲದ ಸ್ವೆಟರ್ ಮಾರಾಟ, ಅಷ್ಟೆ. 1961ರಲ್ಲಿ ಬೈಲಕುಪ್ಪೆಯಲ್ಲಿ ಶುರುವಾದ ನಿರಾಶ್ರಿತರ ನೆಲೆ ಈಗ ಊರುಗಳ ಗುಂಪೇ ಆಗಿದೆ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಪ್ರಾರ್ಥನಾ ಪತಾಕೆ. ಕೆಂಪು ಬಟ್ಟೆಯ ಎಳೆಯ ಭಿಕ್ಷುಗಳು ಆಟೊ ಚಾಲಕರೊಡನೆ ಕನ್ನಡದಲ್ಲಿ ಬಾಡಿಗೆ ಚೌಕಾಸಿ ಮಾಡುವುದನ್ನು ಅಲ್ಲಿ ಕೇಳಬಹುದು. ಮೈಸೂರು ದಾಟಿ ಕುಶಾಲನಗರದ ಬಸ್ಸು ಹಿಡಿಯಿರಿ.

ನಗರದೊಳಗೇ ಬೌದ್ಧ ವಾತಾವರಣ ಬೇಕಾದರೆ ಗಾಂಧಿನಗರದ ಮಹಾಬೋಧಿ ಸೊಸೈಟಿ ಇದೆ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದ್ದು. ಅಲ್ಲಿಯದು ಟಿಬೆಟಿನ ಸಂಪ್ರದಾಯವಲ್ಲ, ಶ್ರೀಲಂಕಾ, ಬರ್ಮಾಗಳ ಥೇರವಾದ. ಮೆಜೆಸ್ಟಿಕ್ ಗದ್ದಲದಿಂದ ನಡೆದೇ ಹೋಗುವಷ್ಟು ಹತ್ತಿರ ಇಷ್ಟು ನಿಶ್ಶಬ್ದ ಎಂದರೆ ನಂಬಲಾಗದು.

ಫ್ರಾನ್ಸ್?

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ. ಫ್ರೆಂಚ್ ಪಾದ್ರಿಗಳು 1875ರಿಂದ 1882ರ ನಡುವೆ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ್ದು. ಚೂಪು ಕಮಾನು, ಬಣ್ಣದ ಗಾಜು, ಮುಗಿಲು ಮುಟ್ಟುವ ಗೋಪುರ, ಇಷ್ಟರವರೆಗೆ ಫ್ರಾನ್ಸ್. ಸೆಪ್ಟೆಂಬರ್ 8ರ ಜಾತ್ರೆಗೆ ಹೋಗಿ ನೋಡಿ: ಕಾವಿ ಸೀರೆ ಉಟ್ಟ ಹರಕೆಯವರು, ತೇರು, ಮಲ್ಲಿಗೆ, ಸೀರೆ ಉಟ್ಟ ಮೇರಿ ಮಾತೆ. ಫ್ರಾನ್ಸ್ ಕಂಬಗಳಲ್ಲಿ ಮಾತ್ರ ಉಳಿದಿರುತ್ತದೆ.

ಕನಕಪುರ ರಸ್ತೆಯ ಪಿರಮಿಡ್ ಈಜಿಪ್ಟ್ ಆಗುತ್ತದೆಯೇ?

ಧ್ಯಾನ ಮಾಡುವವರು ಹೋಗಲಿ. ಈಜಿಪ್ಟ್ ಹುಡುಕುವವರಿಗೆ ಬಸ್ ಚಾರ್ಜ್ ದಂಡ.

ಊಟ ತಿಂಡಿಯಲ್ಲಿ ಪರದೇಶ ಎಲ್ಲಿದೆ?

ಅಯ್ಯಂಗಾರ್ ಬೇಕರಿಯಲ್ಲಿ. ನಗಬೇಡಿ. ಹಾಸನ ಕಡೆಯಿಂದ ಬಂದ ಅಯ್ಯಂಗಾರ್ ಮನೆತನವೊಂದು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಕತೆ ಊರಿಗೇ ಗೊತ್ತು. ವೆಸ್ಟ್ ಎಂಡ್ ಹೋಟೆಲಿನಲ್ಲಿ ಇಳಿದಿದ್ದ ಇಂಗ್ಲಿಷಿನವನೊಬ್ಬ ಬ್ರೆಡ್ಡು, ಕೇಕು ಸುಡುವುದನ್ನು ಕಲಿಸಿಕೊಟ್ಟನಂತೆ. ಮಡಿವಂತರ ಕೈಗೆ ಸಿಕ್ಕ ಇಂಗ್ಲಿಷ್ ಕೇಕು ಮೊಟ್ಟೆ ಕಳೆದುಕೊಂಡಿತು, ಬನ್ನಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೇರಿತು. ಸಂಜೆ ನಾಲ್ಕರ ಹೊತ್ತಿಗೆ ಒಲೆಯಿಂದ ತೆಗೆದ ಖಾರ ಬನ್ನನ್ನು ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ಒಳಗೆ ಕಾಂಗ್ರೆಸ್ ಕಡಲೆಕಾಯಿ ತುಂಬಿ ಕಾಗದದಲ್ಲಿ ಕೊಡುತ್ತಾರಲ್ಲ, ಅಂಥದ್ದು ಲಂಡನ್ನಿನಲ್ಲಿ ಹುಡುಕಿದರೂ ಸಿಗದು.

ಕೊರಿಯಾ, ಜಪಾನ್, ಅರಬ್ ದೇಶಗಳ ಊಟಕ್ಕೆ ಈಗ ಹೋಟೆಲುಗಳಿಗೆ ಬರವಿಲ್ಲ. ಹೆಸರು ಹೇಳಿ ಕೆಟ್ಟವನಾಗುವುದಿಲ್ಲ. ನನ್ನ ಪರೀಕ್ಷೆ ಸರಳ: ಪಕ್ಕದ ಮೇಜಿನವರು ಆ ದೇಶದ ಭಾಷೆಯಲ್ಲಿ ಮಾತಾಡುತ್ತಿದ್ದರೆ ಕೂರಿ, ಎಲ್ಲರೂ ಫೋಟೊ ತೆಗೆಯುತ್ತಿದ್ದರೆ ಎದ್ದು ಬನ್ನಿ.

ಈಗ ಇಲ್ಲಿ ಬದುಕುತ್ತಿರುವ ವಿದೇಶಿಯರ ಬಡಾವಣೆಗಳನ್ನು ನೋಡಲು ಹೋಗಬಹುದೇ?

ಕಮ್ಮನಹಳ್ಳಿ, ಹೆಣ್ಣೂರು, ಕೊತ್ತನೂರು ಕಡೆ ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳಿದ್ದಾರೆ. ಅಲ್ಲಿಗೆ ಹೋಗಿ, ಊಟ ಮಾಡಿ, ಸಾಮಾನು ಕೊಳ್ಳಿ. ಜನರನ್ನು ನೋಡಲು ಮಾತ್ರ ಹೋಗಬೇಡಿ. ಬಾಡಿಗೆ ಮನೆ ಕೇಳಿದಾಗ ಅವರಿಗೆ ಎದುರಾಗುವ ಮುಖಗಳನ್ನು ನೆನೆಸಿಕೊಂಡರೆ, ನಮ್ಮ ಕುತೂಹಲವನ್ನು ಹತೋಟಿಯಲ್ಲಿಡುವುದು ಎಷ್ಟು ಅಗತ್ಯ ಎಂದು ತಿಳಿಯುತ್ತದೆ. ಒಪ್ಪಿಗೆ ಇಲ್ಲದೆ ಯಾರ ಫೋಟೊವನ್ನೂ ತೆಗೆಯಬೇಡಿ.

ಒಳಗೆ ಬಿಡದ ಜಾಗಗಳು ಯಾವುವು?

ಕ್ವೀನ್ಸ್ ರಸ್ತೆಯ ಪಾರ್ಸಿ ಅಗ್ನಿ ಮಂದಿರಕ್ಕೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಗೇಟಿನ ಬಳಿ ವಾದ ಮಾಡಬೇಡಿ. ಸೇನೆಯ ಜಾಗಗಳೂ ಹಾಗೆಯೇ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಾರಣ ಹೇಳಿ ಅನುಮತಿ ಪಡೆಯಬೇಕು. ಸ್ಮಶಾನಗಳಲ್ಲಿ ಕಾವಲುಗಾರನನ್ನು ಕೇಳಿದರೆ ಸಾಮಾನ್ಯವಾಗಿ ಬಿಡುತ್ತಾರೆ.

ಇದೆಲ್ಲ ಬ್ರಿಟಿಷರ ಗುಣಗಾನ ಆಗುವುದಿಲ್ಲವೇ?

ಆಗಬಾರದು. ದಂಡು ಎಂಬ ಆ ಇಂಗ್ಲೆಂಡನ್ನು ಹೊತ್ತು ನಿಲ್ಲಿಸಿದವರು ಮದರಾಸು ಕಡೆಯಿಂದ ಬಂದ ಸಿಪಾಯಿಗಳು, ಗಾರೆಯವರು, ಅಡುಗೆಯವರು, ದೋಬಿಗಳು, ಆಯಾಗಳು. ಅವರ ಹೆಸರಿನ ಫಲಕ ಯಾವ ಚರ್ಚಿನ ಗೋಡೆಯಲ್ಲೂ ಎದ್ದು ಕಾಣುವುದಿಲ್ಲ. ಕಬ್ಬನ್ ಉದ್ಯಾನ ಪೇಟೆಗೂ ದಂಡಿಗೂ ನಡುವೆ ಹಸಿರು ಬೇಲಿಯಾಗಿತ್ತು. ಅತ್ತ ಒಂದು ಆಡಳಿತ, ಇತ್ತ ಇನ್ನೊಂದು. ಎರಡೂ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. 1906ರಿಂದ ಉದ್ಯಾನದ ಅಂಚಿನಲ್ಲಿ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ನೋಡುವಾಗ ಇದನ್ನೂ ನೆನಪಿಟ್ಟುಕೊಂಡು ನೋಡಿ. ಕಟ್ಟಡ ಚೆನ್ನಾಗಿದೆ ಎನ್ನುವುದಕ್ಕೂ ಕಟ್ಟಿಸಿದವರು ಒಳ್ಳೆಯವರು ಎನ್ನುವುದಕ್ಕೂ ಸಂಬಂಧವಿಲ್ಲ.

ಬೇರೆ ನಗರಗಳಲ್ಲೂ ಹೀಗೆ ಹುಡುಕಬಹುದೇ?

ಕೋಲ್ಕತ್ತಾ ನಮ್ಮೆಲ್ಲರಿಗಿಂತ ಮುಂದಿದೆ. 1724ರ ಅರ್ಮೇನಿಯನ್ ಚರ್ಚ್, ಟಿರೆಟ್ಟಾ ಬಜಾರಿನಲ್ಲಿ ಬೆಳಗಿನ ಚೀನೀ ತಿಂಡಿ, ನ್ಯೂ ಮಾರ್ಕೆಟ್ಟಿನ ಯಹೂದಿ ಬೇಕರಿ ಎಲ್ಲ ಒಂದೇ ಬೆಳಿಗ್ಗೆ ಮುಗಿಯುತ್ತವೆ. ಮುಂಬಯಿಯಲ್ಲಿ ಇರಾನಿ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಅವುಗಳಿಗೆ ಪೈಪೋಟಿ ಕೊಟ್ಟವರಲ್ಲಿ ನಮ್ಮ ಉಡುಪಿ ಹೋಟೆಲಿನವರೂ ಇದ್ದಾರೆ. ಮಂಗಳೂರಿನವರು ಬಾಸೆಲ್ ಮಿಷನ್ನಿನ ಹಳೆಯ ಕಟ್ಟಡಗಳಿಂದ ಶುರು ಮಾಡಬಹುದು. ಸ್ವಿಟ್ಜರ್ಲೆಂಡಿನ ಆ ಮಿಷನ್ 1834ರಲ್ಲಿ ಬಂತು. ಅದರ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಹಾವೇರಿಯ ಕಡೆಯವರು ಸವಣೂರಿನ ದೊಡ್ಡಹುಣಸೆ ಮರ ನೋಡಿರಬಹುದು. ಆಫ್ರಿಕಾದ ಆ ಬಾವೊಬಾಬ್ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಕತೆ.

ಒಂದು ದಿನದಲ್ಲಿ ಎಷ್ಟು ದೇಶ ಮುಗಿಸಬಹುದು?

ದೇಶಗಳನ್ನು ಮುಗಿಸುವ ಲೆಕ್ಕ ಬೇಡ. ಆದರೂ ಕೇಳಿದ್ದೀರಿ. ಶನಿವಾರ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್. ಅಲ್ಲೇ ಮಾವಳ್ಳಿಯಲ್ಲಿ ತಿಂಡಿ, ಅದು ಯಾವ ದೇಶದ್ದೂ ಅಲ್ಲ, ನಮ್ಮದು. ಅಲ್ಲಿಂದ ಮೆಟ್ರೊ ಹಿಡಿದು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಟ್ರಿನಿಟಿ ನಿಲ್ದಾಣದಲ್ಲಿ ಇಳಿದರೆ ಚರ್ಚು ಎದುರಿಗೇ ಇದೆ. ಭಾನುವಾರ ಆರಾಧನೆಯ ಹೊತ್ತಿನಲ್ಲಿ ಗೋಡೆ ಓದಲು ಆಗುವುದಿಲ್ಲ, ಅದಕ್ಕೇ ಶನಿವಾರ ಎಂದದ್ದು. ಬಿಸಿಲೇರಿದ ಮೇಲೆ ಚಿತ್ರಕಲಾ ಪರಿಷತ್ತು, ಗ್ಯಾಲರಿ ತೆರೆದಿರುವುದನ್ನು ವಿಚಾರಿಸಿಕೊಂಡು ಹೊರಡಿ. ಸಂಜೆ ರಿಚ್ಮಂಡ್ ಟೌನ್. ಮಕ್ಕಳಿದ್ದರೆ ಲಾಲ್‌ಬಾಗ್ ಒಂದೇ ಸಾಕು, ಫಲಕ ಓದಿಸಿ ಅವರನ್ನು ಗೋಳುಹೊಯ್ದುಕೊಳ್ಳಬೇಡಿ. ಸ್ವಂತ ಕಾರು ತರಲೇಬೇಡಿ. ಜಾನ್ಸನ್ ಮಾರುಕಟ್ಟೆ ಸುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಕತ್ತಲಾಗುತ್ತದೆ.